ಗದಿಗೆಮ್ಮ ತಟ್ಟಿ ನೋಡಿದ ಲ್ಯಾಪ್‌ಟಾಪ್

ಟಕ್. ಟಕ್. ಟಕ್. ಟಕ್. ಡಬ್.

ಐದನೆಯ ಸದ್ದಿಗೆ ಗದಿಗೆಮ್ಮನ ಕೈ ನಿಂತಿತು. ಕುಕ್ಕರಗಾಲಲ್ಲಿ ಕೂತಿದ್ದವಳು ಸ್ವಲ್ಪ ಮುಂದೆ ಸರಿದು ಅದೇ ಟೈಲ್ಸಿನ ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ತಟ್ಟಿದಳು. ಮೂರು ಮೂಲೆ ಗಟ್ಟಿ. ಕಿಟಕಿ ಕಡೆಯದು ಮಾತ್ರ ಖಾಲಿ ಡಬ್ಬಿಯ ಹಾಗೆ ಮಾತಾಡಿತು. ಸೊಂಟದ ಚೀಲದಿಂದ ಚಾಕ್‌ಪೀಸ್ ತೆಗೆದು ಅದರ ಮೇಲೆ ದೊಡ್ಡದಾಗಿ ಒಂದು ಇಂಟು ಗುರುತು ಎಳೆದಳು.

"ಅವ್ವಾ, ಅದು ನಾ ಹಾಕಿದ್ದು," ಬಾಗಿಲಲ್ಲಿ ನಿಂತಿದ್ದ ಮಗ ಹುಲಗೇಶ ಅಂದ.

"ಗೊತ್ತೈತಿ."

"ಒಂದೇ ಮೂಲಿ. ಅಲ್ಲಿ ಅವರು ಮಂಚ ಹಾಕ್ತಾರ. ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾತಲ್ಲ. ಕೀಳು."

ಹುಲಗೇಶ ನಕ್ಕು, ಉಳಿ ತರಲು ಹೋದ. ಜೊತೆಗಿದ್ದ ಕೆಲಸದವರೂ ನಕ್ಕರು. ಹೈದರಾಬಾದಿನ ಮಾದಾಪುರದ ಈ ಕಟ್ಟಡದಲ್ಲಿ ಗದಿಗೆಮ್ಮನ ಇಂಟು ಗುರುತಿಗೆ ಮೇಲ್ಮನವಿ ಇಲ್ಲ. ಟೈಲ್ಸ್ ಹಾಕಿ ಮುಗಿದ ಮೇಲೆ, ಮನೆಯವರ ಕೈಗೆ ಕೀಲಿ ಕೊಡುವ ಮೊದಲು, ಪ್ರತಿಯೊಂದನ್ನೂ ತಟ್ಟಿ ಕೇಳುವುದು ಅವಳ ಕೆಲಸ. ಕೈಯಲ್ಲಿ ಒಂದು ಗೇಣುದ್ದದ ಕಬ್ಬಿಣದ ಕೋಲು, ಅದರ ಒಂದು ತುದಿಗೆ ಗೋಲಿಯಂಥ ಗುಂಡು, ಇನ್ನೊಂದಕ್ಕೆ ಮರದ ಹಿಡಿ. ಕೆಳಗೆ ಸಿಮೆಂಟು ತುಂಬಿ ಕೂತ ಟೈಲ್ಸು ಟಕ್ ಅನ್ನುತ್ತದೆ. ಕೆಳಗೆ ಗಾಳಿ ಉಳಿದಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದದ್ದು ಇವತ್ತಲ್ಲ ನಾಳೆ ಒಡೆಯುತ್ತದೆ. ಅಷ್ಟೇ ಅವಳ ಶಾಸ್ತ್ರ. ಅದನ್ನು ಅವಳು ಇಪ್ಪತ್ತೆಂಟು ವರ್ಷಗಳಿಂದ ನಂಬಿ ಬದುಕಿದ್ದಾಳೆ.

ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯಿಂದ ಅವಳು ಗಂಡನ ಜೊತೆ ಹೈದರಾಬಾದಿಗೆ ಬಂದಾಗ ಹುಲಗೇಶ ಇನ್ನೂ ಅಂಬೆಗಾಲಿಡುತ್ತಿದ್ದ. ಟೈಲ್ಸಿನ ಪೆಟ್ಟಿಗೆ ತಲೆಯ ಮೇಲಿಟ್ಟು ಮಹಡಿ ಹತ್ತುವ ಕೆಲಸ. ಹೊಸದಾಗಿ ಹಾಕಿದ ನೆಲದ ಮೇಲೆ ಮಗುವನ್ನು ಕೂರಿಸಿ, ಆಡಿಕೊಳ್ಳಲು ಒಂದು ಸ್ಟೀಲ್ ಚಮಚ ಕೊಟ್ಟು ಹೋಗುತ್ತಿದ್ದಳು. ಮಗು ನೆಲ ಬಡಿಯುತ್ತ ಕೂತಿರುತ್ತಿತ್ತು. ಆ ಸದ್ದು ಕೇಳುತ್ತಿದ್ದರೆ ಮಗು ಕ್ಷೇಮ ಎಂದು ಅರ್ಥ. ಮೆಟ್ಟಿಲು ಹತ್ತುವಾಗ, ಇಳಿಯುವಾಗ ಅವಳ ಕಿವಿ ಆ ಚಮಚದ ಮೇಲೇ ಇರುತ್ತಿತ್ತು. ಒಂದು ದಿನ ಸದ್ದು ಬೇರೆಯಾಗಿ ಕೇಳಿತು. ಓಡಿ ಬಂದು ನೋಡಿದರೆ ಮಗು ನಗುತ್ತ ಕೂತಿದೆ, ಬಡಿಯುತ್ತಿದ್ದ ಟೈಲ್ಸು ಮಾತ್ರ ಬೇರೆ. "ಇದರ ತಳದಾಗ ಏನೂ ಇಲ್ಲ" ಎಂದು ಅವಳು ಮೇಸ್ತ್ರಿಗೆ ಹೇಳಿದಳು. ಮೇಸ್ತ್ರಿ ಬೈದ. ಎಂಜಿನಿಯರ್ ಕೀಳಿಸಿ ನೋಡಿದರು. ತಳದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಮರುವಾರದಿಂದ ಅವಳ ತಲೆಯ ಮೇಲಿನ ಪೆಟ್ಟಿಗೆ ಇಳಿಯಿತು, ಕೈಗೆ ಕೋಲು ಬಂತು.

ಗದಿಗೆಮ್ಮನಿಗೆ ಅಕ್ಷರ ಬರುವುದಿಲ್ಲ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಟೈಲ್ಸಿನ ಪೆಟ್ಟಿಗೆಗಳಿಂದ ಕಲಿತದ್ದು. ಪ್ರತಿ ಪೆಟ್ಟಿಗೆಯ ಮೇಲೆ ಲಾಟ್ ನಂಬರು, ಯಾವ ಕಂತಿನಲ್ಲಿ ತಯಾರಾದ ಮಾಲು ಎಂಬ ಗುರುತು, ಇರುತ್ತದೆ. ಒಂದೇ ಬಣ್ಣ, ಒಂದೇ ಅಳತೆ ಎಂದು ಎರಡು ಲಾಟಿನ ಟೈಲ್ಸು ಒಂದೇ ಕೋಣೆಗೆ ಹಾಕಿದರೆ ಹಾಕಿದ ದಿನ ಏನೂ ಕಾಣುವುದಿಲ್ಲ. ಬೆಳಗಿನ ಬಿಸಿಲು ಬಿದ್ದ ದಿನ ನೆಲ ತೇಪೆ ಹಾಕಿದ ಹಾಗೆ ಕಾಣುತ್ತದೆ. ಹಾಗಾಗಿ ಲಾರಿಯಿಂದ ಮಾಲು ಇಳಿದರೆ ಮೊದಲು ಅವಳು ಹೋಗಿ ಪೆಟ್ಟಿಗೆಗಳನ್ನು ಬೇರೆ ಮಾಡಬೇಕು. ಆಮೇಲೆಯೇ ಉಳಿದವರು ಕೈ ಹಚ್ಚುವುದು.

ಮಗನ ಟೈಲ್ಸಿಗೆ ಇಂಟು ಹಾಕಿದ ಆ ದಿನ ಮಂಗಳವಾರ. ಶುಕ್ರವಾರ ಸೊಸೆ ಉಮಾಶ್ರೀ ಜರ್ಮನಿಗೆ ಹೊರಡುವವಳಿದ್ದಳು.

ಉಮಾಶ್ರೀ ಈ ಮನೆಗೆ ಬಂದು ನಾಲ್ಕು ವರ್ಷ. ಕಲಬುರಗಿಯಲ್ಲಿ ಭೂಗರ್ಭಶಾಸ್ತ್ರ ಓದಿದ ಹುಡುಗಿ. ಹೈದರಾಬಾದಿಗೆ ಬಂದ ಮೇಲೆ ಅಂತರ್ಜಲ ಅಳೆಯುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಬಾವಿಗೆ, ಬೋರ್‌ವೆಲ್ಲಿಗೆ ಟೇಪು ಇಳಿಬಿಟ್ಟು, ತುದಿಯ ಲೋಹ ನೀರು ಮುಟ್ಟಿದ ಸದ್ದು ಕೇಳಿ, ಎಷ್ಟು ಆಳದಲ್ಲಿ ನೀರಿದೆ ಎಂದು ಬರೆದುಕೊಳ್ಳುವುದು. "ನಾನೂ ತಟ್ಟಿ ಕೇಳಾಕಿ, ನೀನೂ ತಟ್ಟಿ ಕೇಳಾಕಿ" ಎಂದು ಗದಿಗೆಮ್ಮ ಮೊದಲ ತಿಂಗಳೇ ಸೊಸೆಯನ್ನು ತನ್ನ ಕಸುಬಿಗೆ ಸೇರಿಸಿಕೊಂಡಿದ್ದಳು. ಈ ಎರಡು ವರ್ಷ ಉಮಾಶ್ರೀ ಶಹಾಪುರ ತಾಲ್ಲೂಕಿನ ನಾಲ್ಕು ಸಾವಿರ ಬಾವಿಗಳನ್ನು ಒಂದು ನಕ್ಷೆಗೆ ಇಳಿಸಿದ್ದಳು. ಆ ನಕ್ಷೆ ನೋಡಿಯೇ ಜರ್ಮನಿಯ ವಿಶ್ವವಿದ್ಯಾಲಯದವರು ವಿದ್ಯಾರ್ಥಿವೇತನ ಕೊಟ್ಟು ಕರೆದದ್ದು. ಎರಡು ವರ್ಷದ ಓದು. ಅಲ್ಲಿಯೂ ಅವಳು ಅದೇ ನಕ್ಷೆಯ ಮೇಲೆ ಕೆಲಸ ಮುಂದುವರಿಸಬೇಕು.

ಸುದ್ದಿ ಬಂದ ದಿನ ಹುಲಗೇಶ ತಾವಿದ್ದ ಬೋರಬಂಡದ ಗಲ್ಲಿಗೆಲ್ಲ ಜಿಲೇಬಿ ಹಂಚಿದ. ಗದಿಗೆಮ್ಮ ಒಂದೇ ಮಾತು ಹೇಳಿದಳು: "ಲ್ಯಾಪ್‌ಟಾಪ್ ನಂದು. ಆರಿಸೋದೂ ನಾನೇ. ನನ್ನ ಸೊಸಿ ಕೈಯಾಗಿನ ಹತಾರ ನಾ ನೋಡದ ಬರಬಾರದು."

ಹೊಸದು ಬೇಡ ಎಂದವಳೂ ಅವಳೇ. ಗಾರೆ ಮೆತ್ತುವ ಕರಣೆ ಹೊಸದಾದರೆ ಕೈಗೆ ಬೊಬ್ಬೆ ತರುತ್ತದೆ, ಹಿಡಿ ಸವೆದದ್ದು ತಾನಾಗಿ ನಡೆಯುತ್ತದೆ ಎಂಬುದು ಟೈಲ್ಸಿನವರ ನಂಬಿಕೆ. ದೊಡ್ಡ ಕೆಲಸಕ್ಕೆ ಹೊರಡುವವರು ಯಾರೂ ಅಂದು ಹೊಸ ಹತಾರ ತೆಗೆದುಕೊಳ್ಳುವುದಿಲ್ಲ. ಆ ಮಂಗಳವಾರಕ್ಕೆ ಎರಡು ದಿನ ಮೊದಲು, ಭಾನುವಾರ, ಅತ್ತೆ ಸೊಸೆ ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಒಂದು ಗಲ್ಲಿಗೆ ಹೋದರು. ಮಾದಾಪುರದ ಆಫೀಸುಗಳಲ್ಲಿ ಮೂರು ನಾಲ್ಕು ವರ್ಷ ದುಡಿದ ಲ್ಯಾಪ್‌ಟಾಪುಗಳು ಅಲ್ಲಿಗೆ ಬರುತ್ತವೆ. ತೊಳೆದು, ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಮಾರುತ್ತಾರೆ. ಅಂಗಡಿಯ ಜನಾರ್ದನ ಬೀದರ್ ಕಡೆಯವನು. ಕನ್ನಡ, ಹಿಂದಿ, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವನು.

ಅವನು ಎರಡು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟ. ಒಂದು ತೆಳ್ಳಗೆ, ಬೆಳ್ಳಿ ಬಣ್ಣದ್ದು. ಇನ್ನೊಂದು ಕಪ್ಪಗೆ, ದಪ್ಪ, ಮೂಲೆಯಲ್ಲಿ ಒಂದು ಗೀರು.

"ಎರಡರಾಗೂ ಎಂಟು ಜಿಬಿ ಮೆಮೊರಿ ಐತಿ," ಜನಾರ್ದನ ಹೇಳಿದ. "ತೆಳ್ಳಂದ್ರಾಗ ಮುಂದ ಹೆಚ್ಚು ಮಾಡಾಕ ಬರಂಗಿಲ್ಲ ಮೇಡಂ, ಬೋರ್ಡಿಗೇ ಬೆಸೆದಿರತಾರ. ದಪ್ಪಂದ್ರಾಗ ಮಾಡಬಹುದು. ಈಗ್ಲೇ ಹೇಳಾಕತ್ತೀನಿ, ಆಮೇಲೆ ನನ್ನ ಅನ್ನಬ್ಯಾಡ್ರಿ."

"ಎಂಟು ಸಾಕು, ಹದಿನಾರಿದ್ರ ಚಲೋ ಅಂತ ಬರದಾರ್ರಿ ಜರ್ಮನಿಯವರು," ಉಮಾಶ್ರೀ ಮೆಲ್ಲಗೆ ಹೇಳಿದಳು. ತನ್ನ ನಕ್ಷೆ ಹಾಕಿ ನೋಡಬೇಕೆಂದು ಅವಳಿಗೆ ಆಸೆ. ಆದರೆ ನಕ್ಷೆಯಿದ್ದ ಪೆನ್‌ಡ್ರೈವ್ ಆಫೀಸಿನಲ್ಲಿ ಉಳಿದಿತ್ತು.

ಅಷ್ಟರಲ್ಲಿ ಗದಿಗೆಮ್ಮ ಸೊಂಟದಿಂದ ಕೋಲು ತೆಗೆದಿದ್ದಳು.

"ಅಮ್ಮಾ, ಅಮ್ಮಾ! ಒಡೀತೈತಿ!"

"ಇಪ್ಪತ್ತೆಂಟು ವರ್ಷದಾಗ ಒಂದೂ ಒಡದಿಲ್ಲ ನಾನು. ಸುಮ್ನಿರ್ರಿ."

ಕೋಲನ್ನು ತಿರುಗಿಸಿ ಮರದ ಹಿಡಿಯಿಂದ, ಎಳೆಯ ಮಗುವಿನ ಬೆನ್ನು ತಟ್ಟುವ ಹಾಗೆ, ತೆಳ್ಳನೆಯದರ ಬೆನ್ನು ತಟ್ಟಿದಳು. ಟಕ್, ಟಕ್, ಟಕ್. ಎಲ್ಲೆಡೆ ಒಂದೇ ಸದ್ದು. ಆಮೇಲೆ ದಪ್ಪನೆಯದನ್ನು ಮಗುಚಿದಳು. ಟಕ್, ಟಕ್... ನಡುವೆ ಎಡಕ್ಕೆ ಡಬ್.

ಅಂಗಡಿಯಲ್ಲಿದ್ದ ಗಿರಾಕಿಗಳು ಸುತ್ತ ಬಂದು ನಿಂತಿದ್ದರು. ಗದಿಗೆಮ್ಮ ತಲೆಯೆತ್ತಿ ಅವರನ್ನು ನೋಡಿದಳು. "ಇದು ಪೊಳ್ಳೈತಿ."

"ಅಲ್ಲಮ್ಮಾ, ಅಲ್ಲಿ ಜಾಗ ಖಾಲಿ ಐತಿ, ಅದು ಯಾಕಂದ್ರ..."

"ಅಣ್ಣಾರ, ಪೊಳ್ಳಿಗೆ ಪ್ರತಿಯೊಬ್ಬ ಮೇಸ್ತ್ರಿ ಹತ್ರಾನೂ ಒಂದು ಕಾರಣ ಇರತೈತಿ. ನಾ ಭಾಳ ಕೇಳೀನಿ. ಗಟ್ಟಿದ್ದು ಕಟ್ರಿ."

ಯಾರೋ ಹಿಂದಿನಿಂದ "ವಾಹ್ ಅಮ್ಮಾ" ಅಂದರು. ಉಮಾಶ್ರೀಯ ಬಾಯಿಗೆ ಒಂದು ಮಾತು ಬಂದಿತ್ತು. ಅತ್ತೆಯ ಮುಖದ ಬೆಳಕು ನೋಡಿ ಅದನ್ನು ನುಂಗಿಕೊಂಡಳು. ತೆಳ್ಳನೆಯ ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ಬೋರಬಂಡಕ್ಕೆ ಬಂತು.

ಅದೇ ಸಂಜೆ ಊರಿನಿಂದ ಅಂಬುಬಾಯಿಯ ಫೋನು. ಗದಿಗೆಮ್ಮನ ಗಂಡನ ಅಕ್ಕ ಅವಳು. ತಮ್ಮ ತೀರಿಕೊಂಡು ಎಂಟು ವರ್ಷವಾದರೂ ಅವನ ಮನೆಯ ಯಜಮಾನಿಕೆಯನ್ನು ಫೋನಿನಲ್ಲೇ ನಡೆಸುತ್ತಿದ್ದಳು.

"ಗದಿಗಿ, ಸೊಸಿಗೆ ಯಾರೋ ಬಳಸಿ ಬಿಟ್ಟಿದ್ದು ಕೊಡಸೀಯಂತ? ಪರದೇಶಕ್ಕ ಹೋಗಾಕಿ, ಅಲ್ಲಿ ಮಂದಿ ನಗೂದಿಲ್ಲೇನ?"

"ನಗಲಿ ಬಿಡ್ರಿ ಅಕ್ಕಾ. ನಗೋರ ಕೈಯಾಗ ನಾಲ್ಕು ಸಾವಿರ ಬಾವಿ ಅದಾವೇನು? ನಾ ತಟ್ಟಿ ತಂದೀನಿ, ಕಲ್ಲು ಇದ್ದಂಗೈತಿ."

ಆ ಮಾತು ಎರಡು ದಿನ ನಿಂತಿತು.

ಮಂಗಳವಾರ ಸಂಜೆ ಗದಿಗೆಮ್ಮ ಕೆಲಸದಿಂದ ಬಂದು ರೊಟ್ಟಿ ಬಡಿಯಲು ಕೂತಳು. ಹಿಂದಿನ ದಿನ ಆಫೀಸಿನವರು ಉಮಾಶ್ರೀಗೆ ಶಾಲು ಹೊದಿಸಿ, ಪೆನ್‌ಡ್ರೈವ್ ಕೊಟ್ಟು ಕಳಿಸಿದ್ದರು. ಅವಳು ಗೋಡೆಗೆ ಒರಗಿ, ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು.

"ಎಲ್ಲಿ, ನಿನ್ನ ನಕ್ಷಾ ತೋರಸು. ಇದ್ರಾಗ ಹೆಂಗ ಕಾಣತೈತಿ ನೋಡೂನು."

ಉಮಾಶ್ರೀ ತೋರಿಸಿದಳು. ಹಳ್ಳಗಳ ನೀಲಿ ಗೆರೆ, ನೀರಿರುವ ಬಾವಿಗೆ ಹಸಿರು ಚುಕ್ಕೆ, ಬತ್ತಿದ್ದಕ್ಕೆ ಕೆಂಪು ಚುಕ್ಕೆ. ಗದಿಗೆಮ್ಮ ಹಿಟ್ಟಿನ ಕೈಯನ್ನು ಹಿಂದೆ ಹಿಡಿದು ಬಗ್ಗಿ ನೋಡಿದಳು. ಈ ನಕ್ಷೆಯನ್ನು ಅವಳು ಹಿಂದೆ ಸೊಸೆಯ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದ್ದಳು. ತಮ್ಮೂರು ಬಸವನಕೆರಿ ಎಲ್ಲಿ ಬರುತ್ತದೆ ಎಂಬುದು ಕಣ್ಣಿಗೆ ಕಟ್ಟಿತ್ತು.

"ನಮ್ಮೂರೆಲ್ಲಿ?"

ಉಮಾಶ್ರೀ ನಕ್ಷೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.

"ಹಳ್ಳ ಇಲ್ಲಿಗೇ ಕಡದೈತಿ. ಇದರಾಚೆ ನಮ್ಮೂರಿರಬೇಕು. ಎಲ್ಲಿ?"

"ಅರ್ಧ ತಾಲೂಕು ತೆಗದೀನ್ರಿ ಅತ್ತಿ. ಪೂರಾ ತೆರದ್ರ ಮಶೀನು ನಿಂತುಬಿಡತೈತಿ. ಎಂಟರಾಗ ಅಷ್ಟು ಭಾರ ಹೊರಾಕ ಆಗವಲ್ದು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಅಷ್ಟು ಪ್ರೀತಿಲೆ ಆರಿಸೀರಿ..." ಸೊಸೆಯ ಕಣ್ಣು ನೆಲದ ಮೇಲಿತ್ತು. "ಇರ್ಲಿ ಬಿಡ್ರಿ. ಅಲ್ಲಿ ಹೋದ ಮ್ಯಾಲೆ ತುಂಡು ತುಂಡು ಮಾಡಿಕೊಂಡು ಓದತೀನಿ. ನಡೀತೈತಿ."

"ನಡೀತೈತಿ ಅನ್ನೋದು ಕೆಟ್ಟ ಮೇಸ್ತ್ರಿ ಮಾತು," ಗದಿಗೆಮ್ಮ ಅಂದಳು.

ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಹೋಗಿ ಅದನ್ನು ತಿರುವಿ ಹಾಕಿದಳು. ಕೈ ತೊಳೆದು ಬಂದು ಮತ್ತೆ ನಕ್ಷೆಯ ಮುಂದೆ ಕೂತಳು. ಹಳ್ಳ ಕಡಿದು ನಿಂತ ಜಾಗದಲ್ಲಿ ಬೆರಳಿಟ್ಟಳು.

"ಆ ದಪ್ಪಂದ್ರಾಗ ಡಬ್ ಅಂತಲ್ಲ, ಅದೇನು?"

"ಅದು ಇನ್ನೊಂದು ಮೆಮೊರಿ ಕೂಡಿಸಾಕ ಬಿಟ್ಟ ಜಾಗರಿ."

"ಅಂದ್ರ ಪೊಳ್ಳಲ್ಲ."

"ಪೊಳ್ಳೇ ರಿ. ಆದ್ರ ಬೇಕಂತ ಬಿಟ್ಟ ಪೊಳ್ಳು." ಉಮಾಶ್ರೀ ಹೇಳಿದಳು, "ಅತ್ತಿ, ನನ್ನ ಓದಿನಾಗೂ ಹಂಗೇ. ಕಲ್ಲು ಪೂರಾ ಗಟ್ಟಿ ಇದ್ರ ನೀರು ಇರಂಗಿಲ್ಲ. ಒಳಗ ಪೊಳ್ಳಿದ್ದಲ್ಲೇ ನೀರು ನಿಂದ್ರೋದು. ನಾವು ಹುಡುಕೋದೇ ಅದನ್ನ."

ಜೀವನವಿಡೀ ತಾನು ಇಂಟು ಹಾಕಿ ಬಂದದ್ದನ್ನು ಹುಡುಕಿಕೊಂಡು ಈ ಹುಡುಗಿ ಸಮುದ್ರ ದಾಟುತ್ತಿದ್ದಾಳೆ. ಗದಿಗೆಮ್ಮನಿಗೆ ನಗು ಬಂತು. ಎದ್ದು ಸೊಂಟದ ಚೀಲದಿಂದ ಚಾಕ್‌ಪೀಸ್ ತೆಗೆದಳು. ಲ್ಯಾಪ್‌ಟಾಪ್ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಆ ಮೂಲೆಯಿಂದ ಈ ಮೂಲೆಗೆ ಇಂಟು ಎಳೆದಳು.

"ಅತ್ತಿ! ಅವರು ವಾಪಸ್ ತಗೊಳ್ಳಂಗಿಲ್ಲರಿ!"

"ಮುಂಜಾನೆ ಮಗಂದಕ್ಕ ಹಾಕಿ ಬಂದೀನಿ. ಸಂಜಿಗೆ ನನ್ನದಕ್ಕ ಹಾಕಲಿಲ್ಲ ಅಂದ್ರ ಆ ಕೋಲು ಹಿಡಿಯಾಕ ನನಗೇನು ಹಕ್ಕೈತಿ?"

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಇಬ್ಬರೂ ಮೆಟ್ಟಿಲ ಮೇಲಿದ್ದರು. ಜನಾರ್ದನ ಪೆಟ್ಟಿಗೆಯ ಮೇಲಿನ ಗುರುತು ನೋಡಿ ಹುಬ್ಬೇರಿಸಿದ.

"ಇದೇನಮ್ಮಾ ಇದು?"

"ಇಂಟು. ತಪ್ಪಾಗೈತಿ. ಬದಲಿ ಮಾಡ್ರಿ."

"ಮಾಲಿನಾಗ ದೋಷ ಇದ್ರ ಏಳು ದಿನದಾಗ ಬದಲಿ ಮಾಡ್ತೀವಿ. ಏನು ದೋಷ ಐತಿ ಹೇಳ್ರಿ."

"ಮಾಲಿನಾಗ ಇಲ್ಲ. ದೋಷ ನಂದು. ನೀವು ಹೇಳಿದ್ರಿ, ನಾ ಕೇಳಲಿಲ್ಲ."

ಜನಾರ್ದನ ಒಂದು ಕ್ಷಣ ಅವಳನ್ನೇ ನೋಡಿದ. ಈ ಅಂಗಡಿಗೆ ಬದಲಿ ಕೇಳಲು ಬಂದವರೆಲ್ಲ ಚೆನ್ನಾಗಿರುವ ಮಶೀನಿನಲ್ಲೂ ಹತ್ತು ದೋಷ ಹೇಳುವವರು. ದೋಷ ನನ್ನದು ಎಂದು ಬಂದವರು ಇವರೇ ಮೊದಲಿರಬೇಕು. ಪೆಟ್ಟಿಗೆ ಬಿಚ್ಚಿ, ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದು ಬೆರಳಚ್ಚೂ ಇಲ್ಲ.

"ಆ ದಪ್ಪಂದು ಐತೇನ್ರಿ?" ಉಮಾಶ್ರೀ ಕೇಳಿದಳು.

"ಭಾನುವಾರ ಸಂಜಿಗೇ ಇಬ್ಬರು ಕೇಳಿ ಹೋದ್ರು."

ಅವನು ಒಳಗೆ ಹೋದ. ಗದಿಗೆಮ್ಮ ಮೇಜಿನ ಅಂಚು ಹಿಡಿದು ನಿಂತಳು. ಇನ್ನು ಎರಡೇ ದಿನ ಇತ್ತು. ಆಮೇಲೆ ಆ ಹುಡುಗಿ ಒಬ್ಬಳೇ, ಮಾತು ಗೊತ್ತಿಲ್ಲದ ಊರಲ್ಲಿ, ಅರ್ಧ ತಾಲ್ಲೂಕಿನ ಮುಂದೆ ಕೂತಿರುತ್ತಾಳೆ. ಅತ್ತೆ ಆರಿಸಿದ್ದು ಎಂದು ಯಾರ ಮುಂದೆಯೂ ದೂರುವುದಿಲ್ಲ. ಅದೇ ಗದಿಗೆಮ್ಮನಿಗೆ ತಡೆಯಲಾಗದ ಸಂಗತಿ.

ಜನಾರ್ದನ ಹೊರಗೆ ಬಂದಾಗ ಕೈಯಲ್ಲಿ ಕಪ್ಪು ಲ್ಯಾಪ್‌ಟಾಪ್ ಇತ್ತು. "ಮೂಲ್ಯಾಗಿನ ಗೀರು ನೋಡಿ ಇಬ್ಬರೂ ಬಿಟ್ಟು ಹೋಗ್ಯಾರ."

ಗದಿಗೆಮ್ಮ ಅದನ್ನು ಮಗುಚಿ, ಕೋಲಿನ ಹಿಡಿಯಿಂದ ತಟ್ಟಿದಳು. ನಡುವೆ ಎಡಕ್ಕೆ ಡಬ್ ಅಂತು. ಅವಳ ಮುಖ ಅರಳಿತು. "ಐತಿ, ಐತಿ. ಜಾಗ ಹಂಗೇ ಐತಿ."

ಸ್ಕ್ರೂ ಬಿಚ್ಚಿ ತಳ ತೆಗೆದಾಗ ಅವಳೂ ಬಗ್ಗಿದಳು. ಒಳಗೆ ಬೆರಳುದ್ದದ ಹಸಿರು ಪಟ್ಟಿಯೊಂದು ಕೂತಿತ್ತು, ಅದೇ ಮೆಮೊರಿ. ಪಕ್ಕದಲ್ಲಿ, ಅವಳು ತಟ್ಟಿದ ಜಾಗದಲ್ಲೇ, ಅಷ್ಟೇ ಅಳತೆಯ ಖಾಲಿ ಗೂಡು. ಜನಾರ್ದನ ಡ್ರಾಯರಿನಿಂದ ಇನ್ನೊಂದು ಪಟ್ಟಿ ತೆಗೆದು, ಓರೆಯಾಗಿ ತೂರಿಸಿ ಒತ್ತಿದ. ಎರಡೂ ಬದಿಯ ಕೊಕ್ಕೆ ಕಚ್ಚಿಕೊಂಡವು. ಎಂಟು ಎಂಟು ಹದಿನಾರು.

ಉಮಾಶ್ರೀ ಪೆನ್‌ಡ್ರೈವ್ ಚುಚ್ಚಿದಳು. ನಕ್ಷೆ ತೆರೆಯತೊಡಗಿತು. ಉತ್ತರದಿಂದ ಹಳ್ಳ ಇಳಿಯಿತು, ಹಸಿರು ಚುಕ್ಕೆಗಳು ಒಂದೊಂದಾಗಿ ಮೂಡಿದವು, ಬಸವನಕೆರಿಗೆ ಇನ್ನು ಎರಡು ಬೆರಳು ಇದೆ ಅನ್ನುವಾಗ ಎಲ್ಲ ನಿಂತುಬಿಟ್ಟಿತು. ಬಾಣದ ಗುರುತೂ ಅಲುಗಲಿಲ್ಲ. ಮುಚ್ಚಿ ಮತ್ತೆ ತೆರೆದರು. ಈ ಸಲ ಇನ್ನೂ ಮೊದಲೇ ನಿಂತಿತು.

"ಫೈಲು ಭಾರಿ ಐತ್ರಿ ಮೇಡಂ," ಜನಾರ್ದನ ಹೇಳಿದ. "ಬಾಕಿ ಎಲ್ಲಾ ಚಂದ ಆಡತೈತಿ. ನಡೀತೈತಿ, ತಗೊಂಡು ಹೋಗ್ರಿ."

ಉಮಾಶ್ರೀ ಅತ್ತೆಯ ತೋಳು ಮುಟ್ಟಿದಳು. "ಮೊದಲಿನದಕ್ಕಿಂತ ಚಲೋ ಐತ್ರಿ ಅತ್ತಿ. ಸಾಕು ಬರ್ರಿ."

ಈ ಹುಡುಗಿ ಯಾವಾಗಲೂ ಹೀಗೆ. ಕಡಿಮೆಯದನ್ನು ಕೊಟ್ಟರೆ ಇನ್ನೂ ಕಡಿಮೆಗೆ ತಯಾರಾಗುವವಳು. ಗದಿಗೆಮ್ಮ ತೋಳು ಬಿಡಿಸಿಕೊಂಡಳು.

"ಅಣ್ಣಾರ, ಮತ್ತ ಬಿಚ್ಚರಿ. ಆ ಎರಡೂ ಪಟ್ಟಿ ನನ್ನ ಕೈಯಾಗ ಕೊಡ್ರಿ."

"ಅದರಾಗ ನಿಮಗೇನು ತಿಳೀತೈತಮ್ಮಾ?"

"ತಿಳೀಲಿಲ್ಲ ಅಂದ್ರ ವಾಪಸ್ ಕೊಡತೀನಿ. ತಿನ್ನಂಗಿಲ್ಲ."

ಜನಾರ್ದನನ ಕೆಲಸದವರು ನಕ್ಕರು. ಅವನು ಬಿಚ್ಚಿ, ಎರಡೂ ಪಟ್ಟಿಗಳನ್ನು ಅಂಚು ಹಿಡಿದು ಅವಳ ಅಂಗೈ ಮೇಲಿಟ್ಟ. ಗದಿಗೆಮ್ಮ ಬಾಗಿಲ ಬೆಳಕಿಗೆ ಹೋದಳು. ಪಟ್ಟಿಗಳ ಮೇಲೆ ಬಿಳಿ ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ಸಣ್ಣ ಅಕ್ಷರ, ನಡುನಡುವೆ ಅಂಕಿ. ಅಕ್ಷರ ಬಿಟ್ಟು ಅಂಕಿ ಓದಿದಳು. ಒಂದರ ಮೇಲಿನ ಅಂಕಿ, ಇನ್ನೊಂದರ ಮೇಲಿನ ಅಂಕಿ. ಮತ್ತೆ ಮೊದಲಿನದು.

"ಇದು ಮೂರು ಎರಡು ಸೊನ್ನಿ ಸೊನ್ನಿ. ಇದು ಎರಡು ಆರು ಆರು ಆರು," ಎಂದಳು. "ಎರಡು ಲಾಟಿನ ಮಾಲು ಒಂದೇ ಕೋಣ್ಯಾಗ ಹಾಕೀರಲ್ರಿ."

ಜನಾರ್ದನ ಬಂದು ಅವಳ ಅಂಗೈ ನೋಡಿದ. ತಲೆ ಕೆರೆದುಕೊಂಡ. "ಹೌದು... ಒಂದು ಸ್ವಲ್ಪ ಜೋರಿಂದು, ಒಂದು ಸ್ವಲ್ಪ ನಿಧಾನದ್ದು. ಹತ್ತರಾಗ ಒಂಬತ್ತು ಸಲ ಕೂಡಿ ನಡೀತಾವಮ್ಮಾ. ಜೋರಿಂದು ನಿಧಾನದ್ದರ ಜೋಡಿ ಹೆಜ್ಜಿ ಹಾಕತೈತಿ."

"ಹತ್ತನೇದು?"

"ಹತ್ತನೇದ್ರಾಗ ಜಗಳ ಆಡತಾವ."

"ಮತ್ತ ಇದು ಹತ್ತನೇದು. ಜೋಡಿ ಹುಡುಕ್ರಿ."

ಈ ಸಲ ಯಾರೂ ನಗಲಿಲ್ಲ. ಜನಾರ್ದನ ಮೂರು ಡ್ರಾಯರು ಮೇಜಿನ ಮೇಲೆ ಸುರಿದ. ಒಂದೇ ಆಫೀಸಿನಿಂದ ಒಟ್ಟಿಗೆ ಬಂದ ಲ್ಯಾಪ್‌ಟಾಪುಗಳ ಪಟ್ಟಿಗಳು ಒಂದು ಚೀಲದಲ್ಲಿದ್ದವು. ಅವನು ಒಂದು ತುದಿಯಿಂದ, ಗದಿಗೆಮ್ಮ ಇನ್ನೊಂದು ತುದಿಯಿಂದ ಹುಡುಕಿದರು. ಲಾರಿ ಇಳಿಸಿದ ಬೆಳಗಿನ ಹಾಗೆ ಅವಳ ಕೈ ಒಂದೊಂದನ್ನೂ ಎತ್ತಿ, ಓದಿ, ಬೇರೆ ಬೇರೆ ಗುಡ್ಡೆ ಮಾಡುತ್ತ ಹೋಯಿತು. ಹತ್ತು ನಿಮಿಷಕ್ಕೆ ಮೇಜಿನ ಮೇಲೆ ನಾಲ್ಕು ಅಚ್ಚುಕಟ್ಟು ಗುಡ್ಡೆಗಳಿದ್ದವು. ಒಂದು ಗುಡ್ಡೆಯಿಂದ ಅವಳು ಎರಡನ್ನು ಎತ್ತಿ ಕೊಟ್ಟಳು. ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಎರಡೂ ಒಂದೇ.

ಕೂರಿಸಿದರು. ತಳ ಮುಚ್ಚಿದರು. ಉಮಾಶ್ರೀ ನಕ್ಷೆ ತೆರೆದಳು.

ಹಳ್ಳ ಉತ್ತರದಿಂದ ಇಳಿಯಿತು. ಚುಕ್ಕೆಗಳು ಮೂಡಿದವು. ಮೊದಲು ನಿಂತಿದ್ದ ಜಾಗ ಬಂತು. ನೀಲಿ ಗೆರೆ ಅಲ್ಲಿ ನಿಲ್ಲದೆ, ಬಳುಕುತ್ತ ಮುಂದೆ ಹೋಯಿತು. ಅದರ ಎಡಕ್ಕೆ ಬಸವನಕೆರಿ ಬಂತು. ಅದರಾಚೆಯ ಊರುಗಳು ಬಂದವು. ಒಂದೊಂದು ಚುಕ್ಕೆಯೂ ಉಮಾಶ್ರೀ ಬಿಸಿಲಲ್ಲಿ ನಡೆದು ಹೋಗಿ, ಬಗ್ಗಿ, ಕಿವಿಗೊಟ್ಟು ಕೇಳಿದ ಒಂದು ಬಾವಿ. ತಾಲ್ಲೂಕು ಪೂರ್ತಿ ತುಂಬಿದಾಗ ಮೇಜಿನ ಸುತ್ತ ಆರೇಳು ಮಂದಿ ಇದ್ದರು.

"ಇದೆಲ್ಲಾ ನೀವು ಮಾಡಿದ್ದೇನ್ರಿ ಮೇಡಂ?" ಜನಾರ್ದನ ಕೇಳಿದ.

ಉಮಾಶ್ರೀ ಉತ್ತರ ಹೇಳುವ ಮೊದಲೇ ಗದಿಗೆಮ್ಮ ಹೇಳಿದಳು: "ನನ್ನ ಸೊಸಿ ಮಾಡಿದ್ದು."

ಅವಳು ಹಾಗೆ ಹೇಳುವಾಗ ನಿಂತ ರೀತಿಯನ್ನು ಉಮಾಶ್ರೀ ಆಮೇಲೆ ಎಷ್ಟೋ ಸಲ ನೆನೆಯುವವಳಿದ್ದಳು. ಸೆರಗು ಬಿಗಿದು, ಕೋಲನ್ನು ಎದೆಗೆ ಹಿಡಿದು, ತಾನೇ ಕಟ್ಟಿದ ಮನೆಯ ಮುಂದೆ ನಿಂತ ಹಾಗೆ.

ಆಗ ಫೋನು ಬಂತು. ಅಂಬುಬಾಯಿ. ಗದಿಗೆಮ್ಮ ಸ್ಪೀಕರ್ ಒತ್ತಿದಳು.

"ಗದಿಗಿ, ಬದಲಿ ಮಾಡಾಕ ಹೋಗೀಯಂತಲ್ಲ, ಹುಲಗೇಶ ಹೇಳಿದ? ಕಲ್ಲು ಇದ್ದಂಗೈತಿ ಅಂದಿದ್ದಿ! ನಾ ಅವತ್ತೇ ಹೇಳಿದ್ದೆ..."

"ಹೇಳಿದ್ರಿ ಅಕ್ಕಾ. ನಾ ಆರಿಸಿದ್ದು ತಪ್ಪಾಗಿತ್ತು. ಈಗ ಸರಿ ಆತು. ನಿಮ್ಮ ಹಿತ್ತಲ ಬೋರು ಕಾಣಾಕತ್ತೈತಿ ನೋಡ್ರಿ ಇಲ್ಲಿ."

"ಎಲ್ಲಿ?"

"ಇಲ್ಲಿ, ಸಿಕಂದರಾಬಾದಿನಾಗ. ಶುಕ್ರವಾರ ಜರ್ಮನಿಗೆ ಹೊಂಟೈತಿ."

"ನಮ್ಮ ಬೋರೇನ? ಖರೇನ? ಉಮಾ, ಹೌದೇನವಾ?"

"ಹೌದ್ರಿ ದೊಡ್ಡತ್ತಿ. ಬೇವಿನ ಗಿಡದ ಬಾಜೂದು."

"ಅಯ್ಯ ನನ್ನವ್ವಾ!" ಅಂಬುಬಾಯಿಯ ದನಿ ಏರಿತು. "ಹೆಂಗ ಕಾಣತೈತಿ? ಚಂದ ಕಾಣತೈತೇನ?"

"ಕೆಂಪಗೈತಿ," ಗದಿಗೆಮ್ಮ ಅಂದಳು.

"ಕೆಂಪಗಂದ್ರ?"

"ನೀರಿಲ್ಲ ಅಂತ."

"ಏ, ಅದನ್ಯಾಕ ಬರಿತೀರಿ! ಪರದೇಶದ ಮಂದಿ ನೋಡತಾರ! ಉಮಾ, ಒಂದು ಚುಕ್ಕಿ ಹಸರು ಮಾಡಾಕ ಎಷ್ಟೊತ್ತು ಬೇಕವಾ? ಬಾಜೂ ಮನಿಯಾಕೀದು ಹಸರೈತೇನ? ಆಕೀದು ಹಸರಿದ್ರ ನಂದು..."

ಅಂಗಡಿಯೆಲ್ಲ ನಗುತ್ತಿತ್ತು. ಉಮಾಶ್ರೀಯೂ, ಬಹಳ ದಿನಗಳ ಮೇಲೆ, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೊಡಬೇಕಾದದ್ದನ್ನು ಗದಿಗೆಮ್ಮ ಜನಾರ್ದನನಿಗೆ ಕೊಟ್ಟು, ಕಪ್ಪು ಲ್ಯಾಪ್‌ಟಾಪನ್ನು ತನ್ನ ಸೆರಗಿನಿಂದ ಒಂದು ಸಲ ಒರೆಸಿ ಸೊಸೆಯ ಮುಂದೆ ಸರಿಸಿದಳು. ಫೋನನ್ನು ಅದರ ಪಕ್ಕದಲ್ಲೇ ಇಟ್ಟಳು.

"ದೊಡ್ಡತ್ತಿಗೆ ನೀನೇ ತಿಳಿಸಿ ಹೇಳವಾ. ನಿನ್ನ ಕಸುಬು ಅದು."

"ನೀವೆಲ್ಲಿಗ್ರಿ ಅತ್ತಿ?"

"ಮಾದಾಪುರಕ್ಕ. ನಿನ್ನ ಗಂಡ ಆ ಟೈಲ್ಸು ಕಿತ್ತು ಹೊಸದು ಹಾಕಿರತಾನ. ತಟ್ಟಿ ನೋಡಬೇಕು."

"ಅಮ್ಮಾ, ಒಂದು ಚಾ ಕುಡದು ಹೋಗ್ರಿ," ಜನಾರ್ದನ ಮೇಜಿನ ಹಿಂದಿನಿಂದ ಎದ್ದ. "ಮುಂದಿನ ವಾರ ದೊಡ್ಡ ಮಾಲು ಬರತೈತಿ, ನೀವೊಂದು ಸಲ ಬಂದು ಅಂಕಿ ನೋಡಿ ಬ್ಯಾರೆ ಮಾಡಿಕೊಟ್ರ..."

"ಗದಿಗಿ," ಫೋನಿನಲ್ಲಿ ಅಂಬುಬಾಯಿ ಕೂಗುತ್ತಿದ್ದಳು, "ಗದಿಗಿ, ನೀನರ ಹೇಳ ಆಕಿಗೆ, ಪೂರಾ ಹಸರು ಬ್ಯಾಡ, ಒಂದೀಟು ಹಸರು..."

ಗದಿಗೆಮ್ಮ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು, ಬಸ್‌ಸ್ಟಾಪಿನ ಕಡೆ ಆಗಲೇ ಅರ್ಧ ಗಲ್ಲಿ ದಾಟಿದ್ದಳು.